ದೇವರಿಗೆ ತಿಥಿ ವಾರ ಯಾಕೆ ಹೇಳಬೇಕು?

ಭಕ್ತಾದಿಗಳು ಬೆಟ್ಟ ಹತ್ತಿ ಬಂದು ಅರ್ಚನೆ ಚೀಟಿ ಕೊಟ್ಟ ಕೂಡಲೇ ಅರ್ಚಕರು ಸಂಕಲ್ಪ ಹೇಳುತ್ತಾರೆ. ಅದರಲ್ಲಿ ಹೆಸರು, ಗೋತ್ರಕ್ಕಿಂತ ಮೊದಲು ಬರುವುದು ಕಾಲ. ಬ್ರಹ್ಮನ ಆಯುಸ್ಸಿನ ಎರಡನೇ ಅರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಮೊದಲನೇ ಪಾದ, ಆಮೇಲೆ ಸಂವತ್ಸರ, ಮಾಸ, ತಿಥಿ, ವಾರ. ಕಲಿಯುಗವೊಂದೇ 4,32,000 ವರ್ಷ. ಬ್ರಹ್ಮನ ಒಂದು ಹಗಲೆಂದರೆ 432 ಕೋಟಿ ವರ್ಷ. ಇಷ್ಟೆಲ್ಲಾ ಹೇಳಿ ಕಡೆಗೆ ಕೇಳೋದು ಮಗಳ ಮದುವೆ, ಇಲ್ಲವೇ ಮಂಡಿನೋವು!

ಗೀತೆಯ 11ನೇ ಅಧ್ಯಾಯದಲ್ಲಿ ಶ್ರೀಕೃಷ್ಣ ತಾನೇ ಕಾಲನೆಂದು ಅರ್ಜುನನಿಗೆ ಹೇಳುತ್ತಾನೆ. ಕಾಲವೇ ತಾನಾದವನಿಗೆ ಪಂಚಾಂಗ ಯಾಕೆ? ಅದು ಬೇಕಿರುವುದು ಚೀಟಿ ಹಿಡಿದು ನಿಂತವರಿಗೆ. ಇಷ್ಟು ದೊಡ್ಡ ಕಾಲದಲ್ಲಿ ತಾವು ಎಲ್ಲಿ ನಿಂತಿದ್ದೇವೆಂದು ಒಂದು ಕ್ಷಣವಾದರೂ ತಿಳಿಯಲಿ ಅಂತ.

ಇನ್ನೊಂದು ಮಾತು. ಪರೀಕ್ಷೆ ಮುಗಿದು, ಪೇಪರ್ ತಿದ್ದಿಯೂ ಆದ ಮೇಲೆ ತಾಯಿ ಬಂದು ಮಗನಿಗಾಗಿ ಹರಕೆ ಹೊರುತ್ತಾಳೆ. ಇನ್ನೇನು ಬದಲಾದೀತು ಅಂತ ಜೊತೆಯವರು ನಗುತ್ತಾರೆ. ಆದರೆ ಮೂರು ಕಾಲವನ್ನೂ ಒಟ್ಟಿಗೆ ಕಾಣುವವನಿಗೆ ಇವತ್ತಿನ ಬೇಡಿಕೆ ಅವತ್ತೇ ಕೇಳಿಸಿರಬಾರದೇಕೆ? ನಗುವವರು ಇದಕ್ಕೆ ಉತ್ತರ ಹೇಳಲಿ.

ಹಾಗಾದರೆ ಎಲ್ಲವೂ ಮೊದಲೇ ತೀರ್ಮಾನವಾಗಿದೆಯೇ? ಹಾಗೂ ಅಲ್ಲ. ಬೆಟ್ಟದ ತುದಿಯಲ್ಲಿ ನಿಂತವರಿಗೆ ಕೆಳಗಿನ ಬಸ್ಸು, ಅದು ದಾಟಿದ ತಿರುವು, ಮುಂದೆ ಬರುವ ತಿರುವು ಮೂರೂ ಒಟ್ಟಿಗೆ ಕಾಣುತ್ತವೆ. ಹಾಗಂತ ಸ್ಟೇರಿಂಗ್ ತಿರುಗಿಸೋರು ಅವರಲ್ಲ, ಡ್ರೈವರ್. ದೇವರಿಗೆ ಎಲ್ಲಾ ಗೊತ್ತಿತ್ತು ಅಂತ ಹೇಳಿ ಓದದ ಹುಡುಗ ತಪ್ಪಿಸಿಕೊಳ್ಳೋ ಹಾಗಿಲ್ಲ, ಅಮ್ಮ ಎಷ್ಟು ಮೆಟ್ಟಿಲು ಹತ್ತಿದ್ದರೂ ಸರಿ.