ಕೊನೆಯ ಮನೆಯ ಹೊಗೆ

ಕಾರವಾರದಲ್ಲಿ ನಾನಿರುವ ಬೀದಿಗೆ ಬೆಳಿಗ್ಗೆ ಕಸದ ಗಾಡಿ ಬರುತ್ತದೆ. ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿರುವ ಆಯಿಯ ಮನೆಗೆ ವಾರಕ್ಕೊಮ್ಮೆ ಬಂದರೆ ಪುಣ್ಯ. ಬಾರದ ವಾರ ಹಾಲಿನ ಪ್ಯಾಕೆಟ್ಟು, ಚಿಪ್ಸಿನ ಕವರು ಎಲ್ಲ ಬಚ್ಚಲ ಒಲೆಗೆ ಹೋಗುತ್ತವೆ. ಆ ಒಲೆಯ ಬಿಸಿನೀರಿನಲ್ಲೇ ನಾನೂ ಮಿಂದಿದ್ದೇನೆ. "ಸುಡಬೇಡ ಆಯಿ, ವಿಷದ ಹೊಗೆ ಅದು" ಅಂದರೆ, "ಹಂಗಾರೆ ನೀನೇ ಕಾರವಾರಕ್ಕೆ ಹೊತ್ಕಂಡು ಹೋಗು" ಅನ್ನುತ್ತಾಳೆ. ನನ್ನಲ್ಲಿ ಉತ್ತರವಿಲ್ಲ.

ಕಸದ ಗಾಡಿಗಳೂ ವಿದ್ಯುತ್ತಿನಲ್ಲಿ ಓಡಬೇಕು ಎಂಬ ಮಾತು ಈಗ ಎಲ್ಲ ಕಡೆ ಇದೆ. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಅಮೆರಿಕದ ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಯಿತು. ಸ್ಥಳೀಯ ಸಂಸ್ಥೆಗಳು 2024ರಿಂದ ಕೊಳ್ಳುವ ಭಾರಿ ವಾಹನಗಳಲ್ಲಿ ಅರ್ಧದಷ್ಟು ಹೊಗೆಯಿಲ್ಲದವೇ ಆಗಿರಬೇಕೆಂದು 2023ರಲ್ಲಿ ನಿಯಮ ಮಾಡಿತು. ಅಂಥ ಶ್ರೀಮಂತ ರಾಜ್ಯದಲ್ಲೂ ಕಸ ಒಯ್ಯುವವರು ಕೇಳಿದ್ದು ಒಂದೇ: ಖರ್ಚು ಯಾರದು?

ನಮ್ಮಲ್ಲಿ ಆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ವಿದ್ಯುತ್ ಗಾಡಿ ಓಡಿಸಲು ಅಗ್ಗ, ಕೊಳ್ಳಲು ದುಬಾರಿ. ಕೊಳ್ಳುವ ಹಣ ಅನುದಾನದಿಂದ ಬರಬಹುದು. ಕೆಲವು ವರ್ಷಗಳ ನಂತರ ಬ್ಯಾಟರಿ ಬದಲಿಸುವ ಹಣ? ಮನೆಮನೆಯಿಂದ ಬರುವ ಶುಲ್ಕ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಎರಡಕ್ಕೆ: ಗಾಡಿ ಓಡಿಸುವ ಸ್ವಸಹಾಯ ಸಂಘದ ಹೆಂಗಸಿನ ಗೌರವಧನಕ್ಕೆ, ಊರ ಕೊನೆಯ ಕೇರಿಗೆ.

ಈ ಜಿಲ್ಲೆಗೆ ಇದು ಹೊಸ ಪಾಠವಲ್ಲ. ಕೈಗಾದ ನಾಲ್ಕು ಘಟಕಗಳ 880 ಮೆಗಾವ್ಯಾಟ್ ಸ್ಥಾವರಕ್ಕೆ ಹೊಗೆಯಿಲ್ಲ. ಕಾಳಿ ನದಿಯ ಅಣೆಕಟ್ಟುಗಳಿಗೂ ಇಲ್ಲ. ಆದರೆ ಆ ಅಣೆಕಟ್ಟುಗಳಿಗಾಗಿ ಮನೆ, ಗದ್ದೆ ಬಿಟ್ಟು ಎದ್ದವರು ಇಲ್ಲಿಯವರು. ಬೆಳಕು ಎಲ್ಲರಿಗೆ, ಬೆಲೆ ಕೆಲವರಿಗೆ.

ಹಾಗೆಂದು ಡೀಸೆಲ್ ಗಾಡಿಯೇ ಇರಲಿ ಎನ್ನಲಾರೆ. ಇಡೀ ಬೆಳಗು ಅದರ ಹಿಂದೆ ನಡೆಯುವ ಪೌರಕಾರ್ಮಿಕರ ಎದೆಗೆ ಇಳಿಯುವುದು ಅದರದೇ ಹೊಗೆ. ಅವರಿಗೆ ಹೊಗೆಯಿಲ್ಲದ ಗಾಡಿ ಸಿಗುವುದು ನ್ಯಾಯ. ಅವರ ಸಂಬಳ ಕಡಿದು ಅದನ್ನು ಕೊಂಡರೆ ಅನ್ಯಾಯ. ನಾಲ್ಕು ಕೇರಿ ಸುತ್ತುತ್ತಿದ್ದ ಗಾಡಿಯ ಬದಲು ಬಂದ ಹೊಸ ಗಾಡಿ ಎರಡೇ ಕೇರಿಗೆ ಹೋದರೆ, ಉಳಿದೆರಡು ಕೇರಿಗಳ ಬಚ್ಚಲ ಒಲೆಯ ಹೊಗೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಶೂನ್ಯವನ್ನು ಸೈಲೆನ್ಸರಿನ ಬಾಯಲ್ಲಷ್ಟೇ ಅಳೆದರೆ ಸಾಲದು, ಕೊನೆಯ ಮನೆಯಲ್ಲೂ ಅಳೆಯಬೇಕು. ನಿಯಮ ಮಾಡುವವರು ಗಾಡಿಯ ಜೊತೆ ಅದರ ಮುಂದಿನ ಬ್ಯಾಟರಿಯ ಹೊಣೆಯನ್ನೂ ಹೊರಬೇಕು.

ಉಳಿದ ಹೊಣೆ ನಮ್ಮದು. 2016ರ ಘನತ್ಯಾಜ್ಯ ನಿಯಮಗಳು ನಾಗರಿಕರಿಗೆ ಹೇಳಿದವುಗಳಲ್ಲಿ ಮೂರು ಮಾತು ಮುಖ್ಯ: ಬೇರ್ಪಡಿಸಿ ಕೊಡಿ, ಸುಡಬೇಡಿ, ಶುಲ್ಕ ಕಟ್ಟಿ. ಎರಡನೆಯದನ್ನು ಆಯಿಗೆ ಉಪದೇಶಿಸಿದ ನಾನು ಮೂರನೆಯದನ್ನು ಮರೆತಿದ್ದೆ. ಕಳೆದ ಸಲ ಊರಿಗೆ ಹೋದಾಗ ಗಾಡಿ ಓಡಿಸುವ ಹುಡುಗಿ ಬಾಕಿ ಕೇಳಿದಳು.

"ಗಾಡಿಯೇ ಸರಿಯಾಗಿ ಬರೂದಿಲ್ಲ, ದುಡ್ಡು ಯಾಕೆ ತಂಗಿ?" ಅಂದೆ.

"ದುಡ್ಡು ಬಂದ್ರೆ ತಾನೇ ಅಣ್ಣ, ಗಾಡಿ ಬರೂದು?" ಅಂದಳು.

ನಾಲ್ಕು ತಿಂಗಳ ಬಾಕಿ ಕೊಟ್ಟೆ. ಕಾರವಾರದಿಂದ ಬೈಕಿನಲ್ಲಿ ಬಂದು ಹೋಗಲು ನಾನು ಸುಟ್ಟ ಪೆಟ್ರೋಲಿನ ಬೆಲೆಗಿಂತ ಅದು ಕಡಿಮೆಯಿತ್ತು.