ಪರದೆಯ ಮೇಲಿನ ಲೆಕ್ಕ

ತಿಂಗಳ ಕೊನೆಗೆ ಮನೆಯ ಲೆಕ್ಕ ಬರೆಯಲು ಕೂತಾಗ ಐನೂರು ರೂಪಾಯಿ ಕಡಿಮೆ ಬಂತೆನ್ನಿ. ನಾವು ಹೆಂಗಸರು ಮೊದಲು ಮಾಡುವುದೇನು? ಕೂಡಿದ್ದು ಸರಿಯೇ ಎಂದು ಮತ್ತೊಮ್ಮೆ ನೋಡುತ್ತೇವೆ. ಹಾಲಿನವನಿಗೆ ಕೊಟ್ಟದ್ದನ್ನು ಬರೆದಿದ್ದೇನೆಯೇ, ಹೂವಿನವಳ ಬಾಕಿ ತೀರಿಸಿದ್ದು ಮರೆತುಹೋಯಿತೇ ಎಂದು ನೆನೆಯುತ್ತೇವೆ. ಆಮೇಲೆ ಮನೆಯವರನ್ನು ಕೇಳುತ್ತೇವೆ. ಕಳವು ಎಂಬ ಮಾತು ನಾಲಿಗೆಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಎಲ್ಲ ಮನೆಗಳಲ್ಲೂ ಹೀಗೇ ಎನ್ನಲಾರೆ. ಲೆಕ್ಕ ತಪ್ಪಿದೊಡನೆ ಕೆಲಸದವಳ ಮುಖ ನೋಡುವ ಮನೆಗಳು ನಮ್ಮ ಬೀದಿಯಲ್ಲೂ ಇವೆ.

ನನ್ನ ತಂಗಿಯ ಮಗಳು ಎಂ.ಬಿ.ಎ. ಓದುವಾಗ ಅವಳ ಪುಸ್ತಕವೊಂದನ್ನು ತಿರುವಿಹಾಕಿದ್ದೆ. ಮಾಹಿತಿ ವ್ಯವಸ್ಥೆಗಳು ಮ್ಯಾನೇಜರುಗಳ ನಿರ್ಧಾರಕ್ಕೆ ಹೇಗೆ ನೆರವಾಗುತ್ತವೆ ಎಂಬ ವಿಷಯ. ಸರಿಯಾದ ಮಾಹಿತಿ, ಸರಿಯಾದ ಹೊತ್ತಿಗೆ, ಸರಿಯಾದ ವ್ಯಕ್ತಿಯ ಕೈಗೆ ಸಿಗಬೇಕು ಎಂಬುದು ಅದರ ಸಾರ. ಒಪ್ಪತಕ್ಕ ಮಾತೇ. ಸಾವಿರಾರು ಶಾಖೆಗಳಿರುವ ಸಂಸ್ಥೆಯ ಅಧಿಕಾರಿ ಊರೂರಿಗೆ ಹೋಗಿ ಕಡತ ಬಿಡಿಸಿ ನೋಡಲು ಸಾಧ್ಯವೇ? ಆದರೆ ಮಾಹಿತಿ ಸರಿಯಾದದ್ದು ಎಂದು ಹೇಳುವವರು ಯಾರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬ್ರಿಟನ್ನಿನ ಅಂಚೆ ಸಂಸ್ಥೆಯ ಕಥೆ ಓದಿದಾಗ ಅದು ಇನ್ನೂ ಬಲವಾಯಿತು.

ಅಲ್ಲಿನ ಹಳ್ಳಿ, ಪಟ್ಟಣಗಳಲ್ಲಿ ಅಂಚೆ ಕಚೇರಿಯೆಂದರೆ ಬಹುಮಟ್ಟಿಗೆ ಕಿರಾಣಿ ಅಂಗಡಿಯ ಒಂದು ಮೂಲೆ. ಅಂಗಡಿಯವರೇ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಅದನ್ನು ನಡೆಸುತ್ತಾರೆ. 1999ರಿಂದ ಈ ಕಚೇರಿಗಳಿಗೆ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬರತೊಡಗಿತು. ಬಂದ ಸ್ವಲ್ಪ ಕಾಲದಲ್ಲೇ ಹಲವರ ಲೆಕ್ಕದಲ್ಲಿ ಕೊರತೆ ಕಾಣಿಸಿಕೊಂಡಿತು. ಪೆಟ್ಟಿಗೆಯಲ್ಲಿ ಇರಬೇಕೆಂದು ಪರದೆ ಹೇಳುವಷ್ಟು ಹಣ ಪೆಟ್ಟಿಗೆಯಲ್ಲಿಲ್ಲ! ಕೊರತೆ ಬಿದ್ದದ್ದನ್ನು ಕೈಯಿಂದ ಕಟ್ಟಿಕೊಡಿ ಎಂದು ಸಂಸ್ಥೆ ಕೇಳಿತು. ಕಟ್ಟಲಾಗದವರ ಮೇಲೆ ಮೊಕದ್ದಮೆ ಬಿತ್ತು. ತನಿಖೆ ಮಾಡುವುದೂ ಅದೇ ಸಂಸ್ಥೆ, ನ್ಯಾಯಾಲಯಕ್ಕೆ ಎಳೆಯುವುದೂ ಬಹುಪಾಲು ಅದೇ ಸಂಸ್ಥೆ. 2015ರ ಹೊತ್ತಿಗೆ ಕಳವು, ಸುಳ್ಳುಲೆಕ್ಕ ಎಂದು 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿಕೊಂಡರು.

ಹ್ಯಾಂಪ್‌ಷೈರಿನ ಸೌತ್ ವಾರ್ನ್‌ಬರೋ ಎಂಬ ಹಳ್ಳಿಯಲ್ಲಿ ಜೋ ಹ್ಯಾಮಿಲ್ಟನ್ ಎಂಬಾಕೆ ಅಂಗಡಿ ಇಟ್ಟುಕೊಂಡಿದ್ದರು. ಒಂದು ದಿನ ಎರಡು ಸಾವಿರ ಪೌಂಡಿನಷ್ಟು ಕೊರತೆ ತೋರಿಸಿತು. ಸಹಾಯವಾಣಿಗೆ ಫೋನು ಮಾಡಿ, ಅವರು ಹೇಳಿದಂತೆ ಗುಂಡಿ ಒತ್ತುತ್ತಾ ಹೋದರು. ಅವರ ಕಣ್ಣೆದುರೇ ಕೊರತೆ ಇಮ್ಮಡಿಯಾಯಿತು! ಮನೆ ಅಡವಿಟ್ಟು ದುಡ್ಡು ಕಟ್ಟಿದರು. ಕೊನೆಗೆ 36 ಸಾವಿರ ಪೌಂಡ್ ಕದ್ದ ಆರೋಪ ಬಂತು. ಜೈಲು ತಪ್ಪಿಸಿಕೊಳ್ಳಲು, ಸುಳ್ಳುಲೆಕ್ಕ ಬರೆದದ್ದು ನಿಜ ಎಂದು ಒಪ್ಪಿಕೊಳ್ಳಬೇಕಾಯಿತು.

ಸೀಮಾ ಮಿಶ್ರಾ ಎಂಬ ಭಾರತೀಯ ಮೂಲದ ಹೆಣ್ಣುಮಗಳ ಕಥೆ ಓದಿದ ದಿನ ನನಗೆ ಊಟ ಸೇರಲಿಲ್ಲ. ಸರ‍್ರೆ ಪ್ರಾಂತದ ವೆಸ್ಟ್ ಬೈಫ್ಲೀಟಿನಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದವರು. 2010ರ ನವೆಂಬರಿನಲ್ಲಿ ಆಕೆಯನ್ನು ಜೈಲಿಗೆ ಕಳಿಸಿದಾಗ ಎಂಟು ವಾರದ ಬಸುರಿ. ಆ ದಿನವೇ ದೊಡ್ಡ ಮಗನ ಹತ್ತನೆಯ ಹುಟ್ಟುಹಬ್ಬ. ಇವರಿಬ್ಬರ ತೀರ್ಪುಗಳೂ ರದ್ದಾದದ್ದು 2021ರ ಏಪ್ರಿಲಿನಲ್ಲಿ. ಆ ಹೊತ್ತಿಗೆ ಹೊಟ್ಟೆಯಲ್ಲಿದ್ದ ಕೂಸಿಗೆ ಒಂಬತ್ತು ತುಂಬಿತ್ತು.

ಇಷ್ಟಕ್ಕೂ ಮೇಲಿನವರಿಗೆ ಮಾಹಿತಿಯ ಕೊರತೆ ಇತ್ತೇ? ಇರಲಿಲ್ಲ. ಹೊರೈಜನ್ನಿನಲ್ಲಿ ಕಂಡುಬಂದ ದೋಷಗಳನ್ನು ಫುಜಿತ್ಸುವಿನವರೇ ದಾಖಲಿಸಿ ಇಟ್ಟುಕೊಂಡಿದ್ದರು. ಶಾಖೆಯ ಲೆಕ್ಕವನ್ನು ಶಾಖೆಯವರಿಗೆ ತಿಳಿಯದಂತೆ ದೂರದಿಂದ ಬದಲಿಸಲು ಬರುತ್ತಿತ್ತು; ಸಂಸ್ಥೆಯಾದರೋ ಅದು ಸಾಧ್ಯವೇ ಇಲ್ಲವೆಂದು ವರ್ಷಗಟ್ಟಲೆ ಹೇಳಿತು. ಸಹಾಯವಾಣಿಗೆ ಕರೆಮಾಡಿದ ಎಷ್ಟೋ ಮಂದಿಗೆ ಸಿಕ್ಕ ಉತ್ತರ ಒಂದೇ: ಈ ತೊಂದರೆ ನಿಮಗೊಬ್ಬರಿಗೇ. ಒಬ್ಬೊಬ್ಬರಿಗೂ ಹೀಗೆ ಹೇಳಿದರೆ ಅವರು ಒಟ್ಟು ಎಷ್ಟು ಜನ ಎಂದು ಎಣಿಸಬೇಕಾದವರು ಯಾರು? ಎಣಿಸುವುದರಲ್ಲಿ ಕಂಪ್ಯೂಟರನ್ನು ಮೀರಿಸಿದವರಿಲ್ಲ. ಎಣಿಸು ಎಂದು ಯಾರೂ ಹೇಳಲಿಲ್ಲ, ಅಷ್ಟೆ.

ಹೇಳದಿದ್ದುದಕ್ಕೆ ಕಾರಣ ದಡ್ಡತನ ಎಂದು ನಾನು ನಂಬಲಾರೆ. ಅಪಾರ ಹಣ ಸುರಿದ ವ್ಯವಸ್ಥೆ. ಸಂಸ್ಥೆಯ ಮುಂದಿನ ವ್ಯಾಪಾರವೆಲ್ಲ ಅದರ ಮೇಲೆ ನಿಂತಿತ್ತು. ಅದು ತಪ್ಪೆಂದರೆ ಎಲ್ಲ ಲೆಕ್ಕಗಳೂ, ಎಲ್ಲ ಶಿಕ್ಷೆಗಳೂ ತಪ್ಪಾಗುತ್ತವೆ. ಪೆಟ್ಟಿಗೆಯ ಹಿಂದೆ ಕೂತ ಹೆಂಗಸು ಕಳ್ಳಿ ಎಂದರೆ ಒಬ್ಬಳ ಮನೆ ಮಾತ್ರ ಮುಳುಗುತ್ತದೆ. 2019ರ ಡಿಸೆಂಬರಿನ ತೀರ್ಪಿನಲ್ಲಿ ನ್ಯಾಯಮೂರ್ತಿ ಫ್ರೇಸರ್, ಸಂಸ್ಥೆಯ ವಾದವನ್ನು ಭೂಮಿ ಚಪ್ಪಟೆ ಎಂದು ಹಟ ಹಿಡಿಯುವುದಕ್ಕೆ ಹೋಲಿಸಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ನಮ್ಮಲ್ಲಿ. ಇವರು ಪರದೆಯಲ್ಲಿ ಕಂಡದ್ದನ್ನೇ ಪ್ರಮಾಣವೆಂದರು.

ನಾನೂ ಮಕ್ಕಳ ಹಾಜರಿಯನ್ನು ಕಂಪ್ಯೂಟರಿಗೆ ತುಂಬಿಸುವವಳೇ. ಅದರಿಂದ ಉಪಕಾರವೂ ಆಗಿದೆ. ಯಾವ ಮಗು ಶಾಲೆ ಬಿಡುವ ಹಾದಿಯಲ್ಲಿದೆ ಎಂಬುದು ಬೇಗ ಗೊತ್ತಾಗುತ್ತದೆ. ಆದರೆ ಶೇಕಡಾ 60 ಎಂಬ ಅಂಕೆ ನೋಡಿ, ‘ಏನಾಗಿದೆ ಆ ಹುಡುಗಿಗೆ?’ ಎನ್ನುವ ಮುಖ್ಯೋಪಾಧ್ಯಾಯರನ್ನೂ ಕಂಡಿದ್ದೇನೆ, ‘ಹೆಸರು ತೆಗೆಯಿರಿ’ ಎನ್ನುವವರನ್ನೂ ಕಂಡಿದ್ದೇನೆ. ಇಬ್ಬರ ಮುಂದೆಯೂ ಇದ್ದದ್ದು ಅದೇ ಅಂಕೆ.

2012ರಿಂದ 2019ರವರೆಗೆ ಬ್ರಿಟನ್ನಿನ ಆ ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ಪೌಲಾ ವೆನೆಲ್ಸ್ 2024ರಲ್ಲಿ ಸಾಕ್ಷಿ ನುಡಿಯುತ್ತಾ, ತಾನು ತೀರಾ ನಂಬಿಬಿಟ್ಟೆ ಎಂದರು. ನಂಬಿದ್ದು ಯಾರನ್ನು? ತನ್ನ ಕೆಳಗಿನ ಅಧಿಕಾರಿಗಳನ್ನು. ಅಂಗಡಿಯವರ ಮಾತು ಆ ನಂಬಿಕೆಯ ಲೆಕ್ಕಕ್ಕೆ ಸೇರಲಿಲ್ಲ. ಅದೇ ವರ್ಷ ಪಾರ್ಲಿಮೆಂಟು ಕಾನೂನು ಮಾಡಿ ನೂರಾರು ಶಿಕ್ಷೆಗಳನ್ನು ಒಟ್ಟಿಗೇ ರದ್ದು ಮಾಡಿತು. ಈ ಕಾರಣದಿಂದ 13 ಮಂದಿ ಪ್ರಾಣ ಕಳೆದುಕೊಂಡಿರುವ ಸಾಧ್ಯತೆಯಿದೆ ಎಂದು 2025ರ ಜುಲೈನಲ್ಲಿ ವಿಚಾರಣಾ ವರದಿ ಹೇಳಿತು.

ಜೋ ಹ್ಯಾಮಿಲ್ಟನ್‌ಗೆ ಶಿಕ್ಷೆ ಗೊತ್ತುಮಾಡುವ ದಿನ, 2008ರಲ್ಲಿ, ಅವರ ಹಳ್ಳಿಯ ಜನ ದಂಡುಕಟ್ಟಿಕೊಂಡು ನ್ಯಾಯಾಲಯಕ್ಕೆ ಬಂದರು. ಆಕೆ ಕಟ್ಟಬೇಕಾದ ದುಡ್ಡಿಗೆ ಚಂದಾ ಎತ್ತಿದವರೂ ಅವರೇ. ಅವರ ಬಳಿ ಯಾವ ವರದಿಯೂ ಇರಲಿಲ್ಲ. ಆಕೆಯ ಅಂಗಡಿಯಲ್ಲಿ ದಿನವೂ ಸಾಮಾನು ಕೊಂಡು, ಚಿಲ್ಲರೆ ಎಣಿಸಿಕೊಂಡು ಹೋಗುತ್ತಿದ್ದವರು.