ಪೀಠ ಬದಲಾದಾಗ ಹೆಸರು ಯಾರದು?

ಏಪ್ರಿಲ್-ಮೇ ತಿಂಗಳಲ್ಲಿ ಬಾಗಲಕೋಟೆಯ ನವನಗರದಿಂದ ಇಳಕಲ್ಲಿನ ನೇಕಾರರ ಓಣಿಯವರೆಗೆ, ಮಕ್ಕಳಿರುವ ಮನೆಗಳಲ್ಲಿ ಶಾಲೆಯದೇ ಮಾತು. ಒಳ್ಳೆಯ ಹೆಸರಿದ್ದ ಖಾಸಗಿ ಶಾಲೆಯೊಂದಕ್ಕೆ ಹೊಸ ಮುಖ್ಯಸ್ಥರು ಬಂದಿದ್ದರಂತೂ ಆ ಮಾತಿಗೆ ಆತಂಕ ಸೇರುತ್ತದೆ. ಹಳೇ ಸರ್ ಹೋದರು, ಇನ್ನು ಸಾಲಿ ಮೊದಲಿನಂಗ ಇರತೈತೇನು? ಹೊರನೋಟಕ್ಕೆ ಇದು ಫೀಸು, ಫಲಿತಾಂಶ, ಶಿಸ್ತುಗಳ ಲೆಕ್ಕಾಚಾರ. ಒಳಗಿರುವುದು ಮಾತ್ರ ಹಳೆಯದೊಂದು ಧಾರ್ಮಿಕ ಪ್ರಶ್ನೆ: ಸಂಸ್ಥೆಯ ಒಳ್ಳೆಯತನ ಪೀಠದ ಮೇಲೆ ಕುಳಿತವರದೋ, ದಿನವೂ ನಡೆಯುವ ಆಚರಣೆಯದೋ? ಆಚರಣೆಯದು ಎಂಬುದು ನನ್ನ ವಾದ. ಇದಕ್ಕೆ ಬೇಕಾದ ಸಾಕ್ಷ್ಯ ಇದೇ ಜಿಲ್ಲೆಯ ನೆಲದಲ್ಲಿದೆ.

ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. ಮುಂದೆ ಮಠಗಳ ಅಧಿಕಾರ ವಹಿಸಿಕೊಳ್ಳಬೇಕಾದ ವಟುಗಳಿಗೆ ವಿದ್ಯೆ ಮತ್ತು ಸಾಧನೆ ಎರಡನ್ನೂ ಕಲಿಸುವ ಸಂಸ್ಥೆ ಅದು. ಸ್ವತಃ ಮಠಾಧಿಪತಿಯಾಗಿದ್ದವರೇ ಮಠಾಧಿಪತಿಗಳನ್ನು ತಯಾರಿಸಲು ಶಾಲೆಯೊಂದು ಬೇಕೆಂದು ನಿರ್ಧರಿಸಿದ್ದರ ಅರ್ಥ ದೊಡ್ಡದು. ಪಟ್ಟ ಕಟ್ಟಿದ ಮಾತ್ರಕ್ಕೆ ಯಾರೂ ಗುರುವಾಗುವುದಿಲ್ಲ, ಹಿಂದಿನವರ ಕೀರ್ತಿ ಮುಂದಿನವರಿಗೆ ಆಸ್ತಿಯಂತೆ ವರ್ಗವಾಗುವುದಿಲ್ಲ ಎಂಬುದನ್ನು ಅವರು ಕಟ್ಟಡ, ಪಾಠ, ದಿನಚರಿಗಳ ಮೂಲಕ ಒಪ್ಪಿಕೊಂಡಿದ್ದರು. ಇಷ್ಟಲಿಂಗದ ದೀಕ್ಷೆಯಲ್ಲೂ ಇದೇ ತಿಳಿವಳಿಕೆಯಿದೆ. ಲಿಂಗವನ್ನು ಕೊಡುವವನು ಗುರು. ಕೊಟ್ಟ ಮೇಲೆ ಪೂಜೆ ಶಿಷ್ಯನ ಅಂಗೈಯಲ್ಲೇ ನಡೆಯಬೇಕು. ಗುರು ಲಿಂಗೈಕ್ಯನಾದನೆಂದು ಅಂಗೈಯ ಲಿಂಗ ಇಲ್ಲವಾಗುವುದಿಲ್ಲ. ಗುರು ಮಹಾತ್ಮನೆಂಬ ಕಾರಣಕ್ಕೆ ಪೂಜೆ ಬಿಟ್ಟವನಿಗೆ ಫಲವೂ ಇಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಶಿವಯೋಗಮಂದಿರವನ್ನು ಕಟ್ಟಿದ್ದು ಒಬ್ಬ ವ್ಯಕ್ತಿಯೇ ಅಲ್ಲವೇ? ಇಳಕಲ್ಲಿನ ಚಿತ್ತರಗಿ ಪೀಠದ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು, ಹಣ-ಧಾನ್ಯ ಬೇಡದೆ ಜನರ ಕುಡಿತ, ತಂಬಾಕುಗಳನ್ನು ಭಿಕ್ಷೆಯಾಗಿ ಬೇಡಲು ಹೊರಟಾಗ, ಅದು ಅವರೊಬ್ಬರ ತಪೋಬಲವೇ ಅಲ್ಲವೇ? ಹೌದು. ವ್ಯಕ್ತಿ ಮುಖ್ಯವಲ್ಲ ಎಂದು ಹೇಳುವವರು ಯಾವ ಸಂಸ್ಥೆಯನ್ನೂ ಹತ್ತಿರದಿಂದ ನೋಡಿಲ್ಲ. ಆದರೆ ಆ ಇಬ್ಬರ ದೊಡ್ಡತನ ಎಲ್ಲಿದೆ ಎಂದು ಇನ್ನಷ್ಟು ಕೇಳಿಕೊಳ್ಳಬೇಕು. ಕುಮಾರ ಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು, ಮಂದಿರ ಉಳಿಯಿತು. ಮಹಾಂತ ಅಪ್ಪಗಳು 2018ರಲ್ಲಿ ಹೋದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ತಮ್ಮೊಳಗಿನದನ್ನು ಬೇರೆಯವರೂ ಮಾಡಬಲ್ಲ ಕೆಲಸವನ್ನಾಗಿ ಬದಲಿಸಿದ್ದರಿಂದಲೇ ಅವರು ದೊಡ್ಡವರಾದರು. ಶಾಲೆಯ ಮುಖ್ಯಸ್ಥರಿಗೂ ಇದೇ ಅಳತೆ. ಹಳೆಯ ಸರ್ ಹೋದ ಜೂನ್‌ನಲ್ಲೇ ಶಾಲೆ ಕುಸಿದರೆ ಅವರು ಒಳ್ಳೆಯವರಾಗಿದ್ದಿರಬಹುದು, ಶಾಲೆಯನ್ನು ಮಾತ್ರ ಕಟ್ಟಿರಲಿಲ್ಲ.

ಹಾಗಿದ್ದರೆ ಹೆಸರನ್ನು ನಾವು ಯಾವುದರಿಂದ ಅಳೆಯುತ್ತಿದ್ದೇವೆ? ಬಹುಮಟ್ಟಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ, ಬಸ್ಸಿನ ಹಿಂದೆ ಅಂಟಿಸಿದ ಶೇಕಡಾವಾರಿನಿಂದ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂತು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಅದು ಶೇ 73.40ಕ್ಕೆ ಇಳಿಯಿತು. ಆ ಒಂದು ವರ್ಷದಲ್ಲಿ ರಾಜ್ಯದ ಮಾಸ್ತರರೆಲ್ಲ ದಡ್ಡರಾಗಲಿಲ್ಲ, ಮುಖ್ಯಸ್ಥರೆಲ್ಲ ಬದಲಾಗಲೂ ಇಲ್ಲ. ಹೆಸರಿನ ದೊಡ್ಡದೊಂದು ಭಾಗ ಕಲಿಕೆಯಿಂದ ಬಂದದ್ದಾಗಿರಲಿಲ್ಲ, ಅಷ್ಟೆ. ಇನ್ನು ನೂರಕ್ಕೆ ನೂರು ಬರಲೆಂದು ಒಂಬತ್ತನೆಯ ತರಗತಿಯಲ್ಲೇ ಹಿಂದುಳಿದ ಮಗುವಿನ ಕೈಗೆ ಟಿ.ಸಿ. ಕೊಟ್ಟು ಕಳುಹಿಸುವ ಶಾಲೆಗಳ ಮಾತಂತೂ ಬೇಡ. ಅಲ್ಲಿ ಉಳಿದವರ ಅಂಕಗಳು ಹೊರಹಾಕಲ್ಪಟ್ಟವರ ಲೆಕ್ಕದಿಂದ ಬಂದವು. ಹೊಸ ಮುಖ್ಯಸ್ಥರು ಇಂಥದ್ದನ್ನು ನಿಲ್ಲಿಸಿದ ವರ್ಷ ಶೇಕಡಾವಾರು ಇಳಿದೇ ಇಳಿಯುತ್ತದೆ. ಆಗ ಹೆಸರು ಹೋಯಿತೆಂದು ನಾವೇ ಮಕ್ಕಳನ್ನು ಬಿಡಿಸಿಕೊಂಡರೆ, ಪ್ರಾಮಾಣಿಕತೆಗೆ ದಂಡ ವಿಧಿಸಿದವರು ನಾವೇ ಆಗುತ್ತೇವೆ.

ಆತಂಕಕ್ಕೆ ಇನ್ನೊಂದು ಬೇರಿದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಹೊಸಬರು ಯಾವ ಊರಿನವರು, ಯಾವ ಜನ, ಹೆಣ್ಣುಮಗಳು ಇಷ್ಟು ದೊಡ್ಡ ಶಾಲೆಯನ್ನು ಸಂಭಾಳಿಸುತ್ತಾಳೆಯೇ? ಹುನಗುಂದದ ಬಗಲಲ್ಲೇ ಕೂಡಲಸಂಗಮವಿದೆ. ಮನೆಯವರ ಸಂಪ್ರದಾಯವನ್ನು ಬಿಟ್ಟು ಬಾಲಕ ಬಸವ ಕಲಿಯಲು ಬಂದ ಜಾಗವೆಂದು ನಾವು ಪೂಜಿಸುವ ನೆಲ ಅದು. ಮುಂದೆ ಕಲ್ಯಾಣದ ಶರಣರು ಶೂನ್ಯಸಿಂಹಾಸನದ ಮೇಲೆ ಕೂರಿಸಿದ್ದು ಮದ್ದಳೆ ಬಾರಿಸುತ್ತಿದ್ದ ಮನೆಯಿಂದ ಬಂದ ಅಲ್ಲಮನನ್ನು. ಅವನ ನಂತರ ಚೆನ್ನಬಸವಣ್ಣ, ಆಮೇಲೆ ಬೇರೆಯದೇ ದಾರಿಯಲ್ಲಿ ನಡೆದು ತಡವಾಗಿ ಬಂದು ಕೂಡಿಕೊಂಡ ಸೊನ್ನಲಿಗೆಯ ಸಿದ್ಧರಾಮ ಎನ್ನುತ್ತದೆ ಪರಂಪರೆ. ಅನುಭಾವವನ್ನು ನೋಡಿ ಪೀಠ ಕೊಟ್ಟವರ ಜಯಂತಿಯನ್ನು ಶಾಲೆಯ ಅಂಗಳದಲ್ಲಿ ಆಚರಿಸಿ, ಶಾಲೆಯ ಕೊಠಡಿಯಲ್ಲಿ ಕುಲ ಕೇಳುವುದು ಅನ್ಯಾಯ.

ಮಗುವಿನ ಬಾಲ್ಯ ಒಂದೇ, ನಿಮ್ಮ ತತ್ತ್ವಕ್ಕಾಗಿ ಅದರ ಒಂದು ವರ್ಷವನ್ನು ಪಣಕ್ಕಿಡಬೇಕೇ ಎಂದು ತಾಯಿಯೊಬ್ಬಳು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಮಗ್ಗದ ದುಡಿಮೆಯಲ್ಲಿ ಫೀಸು ಕಟ್ಟುವ ಮನೆಗೆ ತಪ್ಪು ಆಯ್ಕೆ ಬಹಳ ದುಬಾರಿ. ಕಾಯಬಾರದ ಸಂಗತಿಗಳೂ ಇವೆ. ಹೊಡೆತ, ಅವಮಾನ, ಜಾತಿಯಿಂದ ಮಕ್ಕಳನ್ನು ಬೇರೆ ಮಾಡುವುದು ಕಂಡರೆ ಒಂದು ದಿನವೂ ಸುಮ್ಮನಿರಬಾರದು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಉಳಿದ ಎಲ್ಲದಕ್ಕೂ ಒಂದು ವರ್ಷ ನೋಡುವುದು ಧರ್ಮ. ನಂಬಿಕೆ ಶಾಲೆಯನ್ನು ಹೊರಗಿನಿಂದ ಅಳೆಯುವ ಮಾನದಂಡವಷ್ಟೇ ಅಲ್ಲ, ಶಾಲೆ ನಿಂತಿರುವುದೇ ಅದರ ಮೇಲೆ. ಗುಸುಗುಸು ಕೇಳಿ ಅನುಕೂಲಸ್ಥರು ಮೊದಲು ಹೊರಟರೆ, ಫೀಸು ಕಡಿಮೆಯಾಗುತ್ತದೆ, ಒಳ್ಳೆಯ ಶಿಕ್ಷಕರು ಬೇರೆ ಕಡೆ ಹೋಗುತ್ತಾರೆ, ಸುಳ್ಳಾಗಿದ್ದ ಭಯ ನಿಜವಾಗುತ್ತದೆ. ನಷ್ಟ ಮಾತ್ರ ಬೇರೆಡೆ ಹೋಗಲಾರದ ಮಕ್ಕಳ ಪಾಲಿಗೆ ಬೀಳುತ್ತದೆ.

ಗುಸುಗುಸು ಬೆಳೆಯಲು ಕಾನೂನೂ ಕಾರಣ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಶಾಲೆಗಳಲ್ಲಿ ಪೋಷಕರೇ ಬಹುಪಾಲು ಇರುವ ನಿರ್ವಹಣಾ ಸಮಿತಿ ಇರಬೇಕು ಎನ್ನುತ್ತದೆ. ಅನುದಾನರಹಿತ ಖಾಸಗಿ ಶಾಲೆಗಳನ್ನು ಮಾತ್ರ ಅದರಿಂದ ಹೊರಗಿಟ್ಟಿದೆ. ಹೀಗಾಗಿ ಸರ್ಕಾರಿ ಶಾಲೆಯ ಕೂಲಿಕಾರ ತಂದೆಗೆ ಇರುವ ಕುರ್ಚಿ, ಸಾವಿರಾರು ರೂಪಾಯಿ ಕಟ್ಟುವ ಪೋಷಕನಿಗೆ ಇಲ್ಲ. ಆ ಕುರ್ಚಿಯನ್ನು ಆಡಳಿತ ಮಂಡಳಿಗಳು ತಾವಾಗಿಯೇ ಹಾಕಲಿ. ಬಸವಣ್ಣನ ಹೆಸರಿನಲ್ಲಿ, ಮಠಗಳ ಹೆಸರಿನಲ್ಲಿ ನಡೆಯುವ ಸಂಸ್ಥೆಗಳು ಮೊದಲು ಹಾಕಲಿ. ಪೋಷಕರಲ್ಲೂ ಒಂದು ವಿನಂತಿ: ಈ ಜೂನ್‌ನ ಸಭೆಗೆ ಹೋದಾಗ ಹೊಸ ಮುಖ್ಯಸ್ಥರ ಪದವಿ, ಊರು ವಿಚಾರಿಸಬೇಡಿ. ಕಳೆದ ವರ್ಷದ ಶಿಕ್ಷಕರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ, ತರಗತಿಯ ಕೊನೆಯ ಬೆಂಚಿನ ಮಗುವಿನ ನೋಟುಬುಕ್ಕನ್ನು ಯಾರು ತಿದ್ದುತ್ತಾರೆ, ಒಂಬತ್ತನೆಯ ತರಗತಿಯಿಂದ ಎಷ್ಟು ಮಕ್ಕಳು ಟಿ.ಸಿ. ತೆಗೆದುಕೊಂಡರು, ಏಕೆ ಎಂದು ಕೇಳಿ.